ಗರುಡಪಾತಾಳದ ಬೇರೂ ರಕ್ತದ ಒತ್ತಡವೂ

ನಮ್ಮ ಗುಡ್ಡಗಳ ನೆರಳಿನಲ್ಲಿ ಮೊಣಕಾಲೆತ್ತರಕ್ಕೆ ಬೆಳೆಯುವ ಒಂದು ಗಿಡವುಂಟು. ಗಂಟಿಗೆ ಮೂರು ನಾಲ್ಕರಂತೆ ಎಲೆ, ಕೆಂಪು ತೊಟ್ಟಿನ ಬಿಳಿ ಹೂಗೊಂಚಲು, ಹಣ್ಣಾದಾಗ ಕಪ್ಪಾಗುವ ಸಣ್ಣ ಕಾಯಿ. ನಾವು ಗರುಡಪಾತಾಳವೆಂದೂ ಸರ್ಪಗಂಧಿಯೆಂದೂ, ಮಲೆಯಾಳದವರು ಅಮಲ್‌ಪೊರಿಯೆಂದೂ ಕರೆಯುವುದು ಇದನ್ನೇ. ಬೇರು ಬಲು ಕಹಿ. ಅದರ ಪುಡಿಯನ್ನು ನಂಬಿ ವೈದ್ಯರು ಕೊಟ್ಟ ರಕ್ತದೊತ್ತಡದ ಗುಳಿಗೆಯನ್ನು ಬಿಡುವವರು ನಮ್ಮಲ್ಲಿ ಇರುವುದರಿಂದ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಮೊದಲು ರಕ್ತನಾಳದ ಮಾತು. ಅಡಿಕೆ ತೋಟಕ್ಕೆ ನೀರು ಬಿಡುವ ಹೊಸ ರಬ್ಬರು ಕೊಳವೆಯನ್ನು ನೋಡಿರಿ. ನೀರು ನುಗ್ಗಿದಾಗ ತುಸು ಹಿಗ್ಗುತ್ತದೆ, ನಿಂತಾಗ ಕುಗ್ಗುತ್ತದೆ. ನಾಲ್ಕು ಬೇಸಗೆ ಬಿಸಿಲುಂಡ ಕೊಳವೆಗೆ ಆ ಗುಣವಿಲ್ಲ. ಧಮನಿಗಳೂ ಹಾಗೆಯೇ. ಹೃದಯವು ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ನೂಕುತ್ತದೆ. ಎಳೆಯ ವಯಸ್ಸಿನಲ್ಲಿ ಧಮನಿಯ ಗೋಡೆ ಆ ನೂಕನ್ನು ಹಿಗ್ಗಿ ತಾಳಿಕೊಳ್ಳುತ್ತದೆ. ವಯಸ್ಸಾದಂತೆ ಗೋಡೆಯೊಳಗಿನ ಹಿಗ್ಗುವ ನಾರು ಸವೆದು, ಬಿಗಿ ನಾರು ಹೆಚ್ಚುತ್ತದೆ. ಮೇಲಿನ ಒತ್ತಡ ಏರುತ್ತದೆ. ಉಪ್ಪೂ ಹೊಗೆಸೊಪ್ಪೂ ಇದಕ್ಕೆ ಒತ್ತಾಸೆ. ಗಂಜಿಯ ಜೊತೆ ದಿನವೂ ಉಪ್ಪಿನಸೊಳೆ, ಉಪ್ಪಿನಕಾಯಿ ಬೇಕೆನ್ನುವ ನಮಗೆ ಇದು ರುಚಿಸದ ಮಾತೆಂದು ಬಲ್ಲೆವು. ಅಳೆದಾಗ ಒತ್ತಡ ಮತ್ತೆ ಮತ್ತೆ 140/90 ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ವೈದ್ಯರ ಸಲಹೆ ಅಗತ್ಯ. ತಲೆನೋವಿಲ್ಲ, ಆದುದರಿಂದ ಒತ್ತಡವೂ ಇಲ್ಲ ಎಂಬ ಲೆಕ್ಕ ತಪ್ಪು.

ಈ ಬೇರಿಗೆ ಗುಣವಿಲ್ಲವೆಂದು ನಾವು ಹೇಳುವುದಿಲ್ಲ. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬವರು ಇದು ರಕ್ತದೊತ್ತಡವನ್ನೂ ಉನ್ಮಾದವನ್ನೂ ತಗ್ಗಿಸುವುದೆಂದು ಬರೆದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು ತಮ್ಮ ರೋಗಿಗಳ ಅನುಭವವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತೇ ಇತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪೆನಿಯ ರಸಾಯನಜ್ಞರು ಬೇರಿನಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು.

ರಿಸರ್ಪಿನ್ ಕೆಲಸ ಮಾಡುವ ಬಗೆ ಸ್ವಾರಸ್ಯವಾಗಿದೆ. ರಕ್ತನಾಳವನ್ನು ಬಿಗಿಯಾಗಿಸು ಎಂಬ ಅಪ್ಪಣೆಯನ್ನು ಒಯ್ಯುವ ರಸವೊಂದು ನರದ ತುದಿಯಲ್ಲಿ ಸಂಗ್ರಹವಾಗಿರುತ್ತದೆ. ರಿಸರ್ಪಿನ್ ಆ ಕಣಜವನ್ನು ತುಂಬಗೊಡದೆ ಬರಿದು ಮಾಡುತ್ತದೆ. ಅಪ್ಪಣೆ ಹೋಗದೆ ನಾಳ ಸಡಿಲಗೊಳ್ಳುತ್ತದೆ, ನಾಡಿಯೂ ನಿಧಾನವಾಗುತ್ತದೆ. ಆದರೆ ಮೆದುಳಿನಲ್ಲಿಯೂ ಇಂಥ ಕಣಜಗಳಿವೆ. ಅವೂ ಬರಿದಾದರೆ ಮಂಪರು, ಮೂಗು ಕಟ್ಟುವುದು, ಕೆಲವರಲ್ಲಿ ಬದುಕೇ ಬೇಡವೆನಿಸುವಂಥ ಖಿನ್ನತೆ. ಹೊಟ್ಟೆಹುಣ್ಣಿದ್ದವರಿಗೆ ಅದು ಕೆರಳೀತು. ಈ ಕಾರಣಗಳಿಂದಲೂ, ಬೇರೆ ಒಳ್ಳೆಯ ಗುಳಿಗೆಗಳು ಬಂದುದರಿಂದಲೂ ಇಂದು ವೈದ್ಯರು ಇದನ್ನು ಕೊಡುವುದು ವಿರಳ.

ಇನ್ನು ಅಳತೆಯ ಪ್ರಶ್ನೆ. ರಿಸರ್ಪಿನ್ ಗುಳಿಗೆಯಲ್ಲಿ ದಿನಕ್ಕೆ ಕೊಡುತ್ತಿದ್ದುದು ಕಾಲು ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ. ಅಂದರೆ ಒಂದು ಗ್ರಾಮನ್ನು 4,000 ಪಾಲು ಮಾಡಿದರೆ ಒಂದು ಪಾಲು. ಬೇರಿನಲ್ಲಿ ಸತ್ತ್ವವು ನೆಲ, ಋತು, ಗಿಡದ ವಯಸ್ಸಿಗೆ ತಕ್ಕಂತೆ ಏರಿಳಿಯುತ್ತದೆ. ಪೇಟೆಯಲ್ಲಿ ಸೋದರ ಜಾತಿಯ ಗಿಡಗಳ ಬೇರನ್ನೂ ಬೆರೆಸುವುದುಂಟು. ಅಡಿಗೆಯ ಚಮಚ ಇದಕ್ಕೆ ತಕ್ಕಡಿಯಾದೀತೇ? ಆಯುರ್ವೇದದ ಮದ್ದು ಬೇಕೆನ್ನುವವರು ಓದಿದ ವೈದ್ಯರ ಕೈಯಿಂದಲೇ ತೆಗೆದುಕೊಳ್ಳಲಿ, ಈಗ ನುಂಗುತ್ತಿರುವ ಗುಳಿಗೆಗಳನ್ನು ಅವರಿಗೆ ತೋರಿಸಲಿ. ಬಸುರಿಯರು ಮುಟ್ಟಲೇಬಾರದು. ಹೆಸರಿನಲ್ಲಿ ಸರ್ಪವಿದೆಯೆಂದು ಹಾವು ಕಚ್ಚಿದವರಿಗೆ ಈ ಬೇರನ್ನು ಅರೆದು ಕುಡಿಸುತ್ತ ಹೊತ್ತು ಕಳೆಯುವುದಂತೂ ಪ್ರಾಣಕ್ಕೇ ಅಪಾಯ. ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದು ಆಸ್ಪತ್ರೆಯಲ್ಲಿದೆ.

ಬೆಳೆಯಾಗಿ ನೋಡುವವರಿಗೆ ಎರಡು ಮಾತು. ಕಾಡಿನಿಂದ ಕಿತ್ತು ಕಿತ್ತು ಗಿಡ ಅಪರೂಪವಾಗಿದೆ. 1990ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವೂ ಇದೆ. ತೋಟದ ಅರೆನೆರಳು, ನೀರು ನಿಲ್ಲದ ಮಣ್ಣು ಇದಕ್ಕೆ ಒಗ್ಗುತ್ತದೆ. ಬೀಜ ಮೊಳೆಯುವುದು ಕಡಿಮೆ. ನೀರಿಗೆ ಹಾಕಿ, ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಮಾತ್ರ ಬಿತ್ತಬೇಕು. ಬೇರಿನ ತುಂಡಿನಿಂದಲೂ ಸಸಿಯಾಗುತ್ತದೆ. ಎರಡೂವರೆ ಮೂರು ವರ್ಷಕ್ಕೆ, ಚಳಿಗಾಲದಲ್ಲಿ ಅಗೆಯುವುದು ರೂಢಿ. ಸತ್ತ್ವ ಹೆಚ್ಚಾಗಿರುವುದು ಸಿಪ್ಪೆಯಲ್ಲಿ. ತೊಳೆಯುವಾಗ ಉಜ್ಜಿ ಸಿಪ್ಪೆ ಕಳೆದರೆ ಮೂರು ವರ್ಷದ ದುಡಿಮೆ ನೀರಿಗೆ ಹೋದಂತೆ. ನೆಡುವ ಮೊದಲೇ ಕೊಳ್ಳುವವರನ್ನು ಗೊತ್ತುಮಾಡಿಕೊಂಡು, ಅರಣ್ಯ ಇಲಾಖೆಯವರಲ್ಲಿ ಪರವಾನಿಗೆಯ ವಿಷಯ ವಿಚಾರಿಸತಕ್ಕದ್ದು.