ಕೋಳಿ ಫೀಡು ಆಕಳಿಗೆ ಏಕೆ ಬೇಡ?

ಹುನಗುಂದ ಕಡೆಯ ಸಂಘದ ಸಭೆಯಲ್ಲಿ ಅಕ್ಕನೊಬ್ಬರು ಕೇಳಿದರು: “ಡಾಕ್ಟರ್ರೀ, ಕೋಳಿ ಫೀಡು ಅಗ್ಗ ಸಿಗತೈತಿ. ಆಕಳಿಗೆ ಹಾಕಿದ್ರ ಏನಾಗತೈತ್ರಿ?”

1986ರಲ್ಲಿ ಬ್ರಿಟನ್ನಿನಲ್ಲಿ ‘ಹುಚ್ಚು ಹಸು ರೋಗ’ ಪತ್ತೆಯಾಯಿತು. ಅದು ಹರಡಿದ್ದು ಸತ್ತ ಜಾನುವಾರುಗಳ ಮಾಂಸ-ಎಲುಬಿನ ಪುಡಿ ಬೆರೆಸಿದ ಪಶು ಆಹಾರದಿಂದ. ರೋಗಕ್ಕೆ ಕಾರಣ ಪ್ರಿಯಾನ್ ಎಂಬ ರೂಪಗೆಟ್ಟ ಪ್ರೋಟೀನ್. ಅದು ಮಿದುಳಿನ ಒಳ್ಳೆಯ ಪ್ರೋಟೀನನ್ನೂ ತನ್ನಂತೆ ಕೆಡಿಸುತ್ತದೆ. ಕುದಿಸಿದರೂ ನಾಶವಾಗದು.

ಕುರಿಗಳಿಗೆ ಬರುವ ಇಂಥದೇ ರೋಗ ಸ್ಕ್ರೇಪಿ. ಆ ರೋಗ ತಗುಲಿದ ಕುರಿಗಳ ಮಿದುಳಿನಲ್ಲಿ ವಿಜ್ಞಾನಿಗಳು ಇನ್ನೊಂದು ಬದಲಾವಣೆ ಕಂಡಿದ್ದಾರೆ. ಇಳಕಲ್ ಮಗ್ಗದಲ್ಲಿ ಹಾಸು ಅದೇ ಇದ್ದರೂ, ಯಾವ ಎಳೆ ಮೇಲೇಳುತ್ತದೆ ಎಂಬುದರ ಮೇಲೆ ದಡಿಯ ಚಿತ್ತಾರ ಬದಲಾಗುತ್ತದಲ್ಲವೇ? ಹಾಗೆಯೇ ಜೀನ್ ಅದೇ ಇದ್ದರೂ, ಅದರ ಮೇಲಿನ ರಾಸಾಯನಿಕ ಗುರುತುಗಳು ಬದಲಾಗಿ ಕೆಲವು ಜೀನ್‌ಗಳ ಕೆಲಸ ಏರುಪೇರಾಗುತ್ತದೆ. ರೋಗ ಹೊರಗೆ ಕಾಣಲು ವರ್ಷಗಳೇ ಹಿಡಿಯುತ್ತವೆ. ಚಿಕಿತ್ಸೆ ಇಲ್ಲ.

ಭಾರತದಲ್ಲಿ ಹುಚ್ಚು ಹಸು ರೋಗ ವರದಿಯಾಗಿಲ್ಲ. ಮುಂದೆಯೂ ಬಾರದಿರಲು, ನಿಮ್ಮ ಸುರಕ್ಷತೆಗೂ ಇವು ನೆನಪಿರಲಿ:

1. ಕೋಳಿ ಫೀಡು ದನಕ್ಕೆ ಹಾಕಬೇಡಿ. ಅದರಲ್ಲಿ ಮಾಂಸ-ಎಲುಬಿನ ಪುಡಿ ಇರಬಹುದು.

2. ಆಕಳು ಎಲುಬು ಅಗಿಯುತ್ತಿದ್ದರೆ ರಂಜಕದ ಕೊರತೆ ಇರಬಹುದು. ದೊಡ್ಡ ಆಕಳಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡಿ.

3. ದನ ಜೊಲ್ಲು ಸುರಿಸಿ, ತೂರಾಡಿ, ಹಾಯಲು ಬಂದರೆ ನಮ್ಮಲ್ಲಿ ಮೊದಲು ಶಂಕಿಸಬೇಕಾದ್ದು ರೇಬೀಸ್. ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಬೇಡಿ. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ.

ಅಗ್ಗದ ಚೀಲ ತರುವ ಮುನ್ನ ಅದರ ಮೇಲೆ ಯಾವ ಪ್ರಾಣಿಗೆಂದು ಬರೆದಿದೆ, ಓದಿ ನೋಡಿ ತಾಯಂದಿರೇ.