ಹ್ಯಾಮ್ ಆಗಬೇಕೆ? ಮೊದಲು ಕೇಳಲು ಕಲಿಯಿರಿ

ಬೆಂಗಳೂರಿನ ಕೆಲವು ಹಳೆಯ ಬಡಾವಣೆಗಳಲ್ಲಿ ತಲೆ ಎತ್ತಿ ನಡೆದರೆ, ಯಾವುದೋ ಮನೆಯ ತಾರಸಿಯಿಂದ ಪಕ್ಕದ ತೆಂಗಿನ ಮರದವರೆಗೆ ಒಂದು ತಂತಿ ಹೋಗಿರುವುದು ಕಾಣಬಹುದು. ಅದು ಬಟ್ಟೆ ಒಣಹಾಕುವ ತಂತಿಯಲ್ಲ. ನಟ್ಟನಡುವೆ ಒಂದು ಕೇಬಲ್ ಇಳಿಬಿದ್ದಿದ್ದರೆ ಅದು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಬಳಸುವವರೊಬ್ಬರ ಮನೆ ಎಂದು ತಿಳಿಯಬಹುದು. ಮೊಬೈಲ್ ಟವರ್, ಇಂಟರ್‌ನೆಟ್ ಯಾವುದರ ನೆರವೂ ಇಲ್ಲದೆ ಅವರು ಆ ತಂತಿಯಿಂದಲೇ ಚೆನ್ನೈ, ಕೊಲಂಬೊ, ಕೆಲವು ರಾತ್ರಿ ಯುರೋಪಿನವರೆಗೂ ಮಾತನಾಡುತ್ತಾರೆ.

ಈ ಹವ್ಯಾಸಕ್ಕೆ ನಮ್ಮಲ್ಲಿ ಒಳ್ಳೆಯ ನೆಲೆಯಿದೆ. ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ ಹುಟ್ಟಿದ್ದು 1959ರಲ್ಲಿ. ಅದರ ಕರೆಸಂಕೇತ ವಿಯು2ಎಆರ್‌ಸಿ. ಅಂದಿನ ಹ್ಯಾಮ್‌ಗಳಿಗೆ ಅಂಗಡಿಯಲ್ಲಿ ಸಿದ್ಧ ಸೆಟ್ ಸಿಗುವುದು ದುರ್ಲಭವಾಗಿತ್ತು. ಮಹಾಯುದ್ಧದ ನಂತರ ಗುಜರಿಗೆ ಬಂದ ಸೇನೆಯ ಸೆಟ್ಟುಗಳಿಂದ ವಾಲ್ವು, ಕಾಯಿಲ್ ಬಿಚ್ಚಿ ತಮ್ಮ ಟ್ರಾನ್ಸ್‌ಮಿಟರ್ ತಾವೇ ಕಟ್ಟಿಕೊಳ್ಳುತ್ತಿದ್ದರು. ಮುಂದೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಬೆಂಗಳೂರಿನಲ್ಲೇ ತರಬೇತಿ ಆರಂಭಿಸಿತು. ಇಸ್ರೋದ ಉಪಗ್ರಹ ಕೇಂದ್ರದವರು ‘ಉಪಗ್ರಹ ಅಮೆಚೂರ್ ರೇಡಿಯೋ ಕ್ಲಬ್’ ಕಟ್ಟಿಕೊಂಡರು. ಮಂಗಳೂರಿನಲ್ಲೂ ಹಳೆಯ ಕ್ಲಬ್ ಒಂದಿದೆ. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ರಾಕೆಟ್ ಕಾರ್ಟೋಸ್ಯಾಟ್-1ರ ಜೊತೆಗೆ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್ ಉಪಗ್ರಹವನ್ನೂ ಕಕ್ಷೆಗೆ ಸೇರಿಸಿತು. ಹವ್ಯಾಸಿಗಳಿಗೆಂದೇ ಇಸ್ರೋ ಹಾರಿಸಿದ ಈ ಉಪಗ್ರಹ 2014ರವರೆಗೆ ದುಡಿಯಿತು. ಕೈಯಲ್ಲಿ ಹಿಡಿಯುವ ಆಂಟೆನಾದಿಂದಲೇ ಅದರ ಮೂಲಕ ದೂರದೂರದವರ ಜೊತೆ ಮಾತಾಡಬಹುದಿತ್ತು.

ಹ್ಯಾಮ್ ಆಗಲು ಬಯಸುವವರಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ: ಮೊದಲು ಸೆಟ್ ಕೊಳ್ಳುತ್ತಾರೆ. ಆನ್‌ಲೈನ್‌ನಲ್ಲಿ ಎರಡು ಮೂರು ಸಾವಿರಕ್ಕೆ ವಾಕಿಟಾಕಿ ಕಂಡರೆ ಕೈ ತಡೆಯುವುದಿಲ್ಲ. ಪರವಾನಗಿ ಇಲ್ಲದೆ ಅದನ್ನು ಬಳಸುವುದು ಅಪರಾಧ. ಇಂಥ ಸೆಟ್ಟುಗಳ ಬೇಕಾಬಿಟ್ಟಿ ಮಾರಾಟ ತಡೆಯಲು ಕೇಂದ್ರ ಸರ್ಕಾರ 2025ರಲ್ಲಿ ಇ-ಕಾಮರ್ಸ್ ತಾಣಗಳಿಗೆ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು. ಸೆಟ್ಟಿನ ಸರದಿ ಕೊನೆಗೆ. ಮೊದಲ ಹೆಜ್ಜೆ ಕೇಳುವುದು.

ಕೇಳುವುದಕ್ಕೆ ಕಾಸು ಖರ್ಚಿಲ್ಲ. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ಒಂದು ರಿಸೀವರ್ ಇಟ್ಟು ಅಂತರ್ಜಾಲಕ್ಕೆ ಜೋಡಿಸಿದ್ದಾರೆ. ಮನೆಯ ಕಂಪ್ಯೂಟರಿನಲ್ಲೇ ಅದರ ಫ್ರೀಕ್ವೆನ್ಸಿ ತಿರುಗಿಸಬಹುದು. 7 ಮೆಗಾಹರ್ಟ್ಸ್ ಹತ್ತಿರ ನಿಂತು, ‘ಎಲ್‌ಎಸ್‌ಬಿ’ ಎಂಬ ವಿಧಾನ ಆರಿಸಿ, ಹತ್ತು ದಿನ ದಿನಕ್ಕೆ ಅರ್ಧ ಗಂಟೆ ಕೇಳಿದರೆ ಸಾಕು. ಮೊದಲ ದಿನ ಬಾತುಕೋಳಿ ಕೂಗಿದಂತೆ ಕೇಳಿಸಿದ್ದು ಮೂರನೇ ದಿನಕ್ಕೆ ಮಾತಾಗುತ್ತದೆ. ‘ಸಿಕ್ಯೂ’ ಅಂದರೆ ಯಾರಾದರೂ ಬನ್ನಿ ಎಂಬ ಕರೆ, ‘73’ ಅಂದರೆ ಶುಭಾಶಯ, ‘ಫೈವ್ ನೈನ್’ ಅಂದರೆ ಧ್ವನಿ ಸ್ಪಷ್ಟ, ಜೋರು ಎಂಬುದೆಲ್ಲ ಯಾರೂ ಹೇಳಿಕೊಡದೆ ತಲೆಗೆ ಹತ್ತುತ್ತದೆ.

ಎರಡನೆಯದು ಕ್ಲಬ್ಬಿನ ಬಾಗಿಲು ತಟ್ಟುವುದು. ಪುಸ್ತಕ, ವಿಡಿಯೋ ಎಷ್ಟಿದ್ದರೂ ಕ್ಲಬ್ಬಿಗೆ ಪರ್ಯಾಯವಿಲ್ಲ. ಬೆಸುಗೆ ಹಾಕುವಾಗ ಸೀಸ ಹೊಳೆಯಬೇಕೋ ಮಂಕಾಗಬೇಕೋ ಎಂಬುದು ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ತೋರಿಸಿದರೆ ಒಂದೇ ನಿಮಿಷದ ಪಾಠ. ಹೊಳೆಯಬೇಕು.

ಕ್ಲಬ್ಬುಗಳ ‘ಫಾಕ್ಸ್ ಹಂಟ್’ ಆಟಕ್ಕೆ ಮಕ್ಕಳನ್ನೂ ಕರೆದೊಯ್ಯಬಹುದು. ಒಂದು ಚಿಕ್ಕ ಟ್ರಾನ್ಸ್‌ಮಿಟರನ್ನು ಪೊದೆಯಲ್ಲೋ ಕಲ್ಲಿನ ಸಂದಿಯಲ್ಲೋ ಅಡಗಿಸಿಡುತ್ತಾರೆ. ಸಂಕೇತದ ಜಾಡು ಹಿಡಿದು ಅದನ್ನು ಹುಡುಕಬೇಕು. ದುಬಾರಿ ಆಂಟೆನಾ ಇಲ್ಲದವರ ಉಪಾಯವೂ ಇದೆ. ಸೆಟ್ಟನ್ನು ಎದೆಗೆ ಒತ್ತಿ ಹಿಡಿದು ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಬೇಕು. ಎಲ್ಲಿ ಸದ್ದು ತೀರಾ ಕುಗ್ಗುತ್ತದೋ ಅಲ್ಲಿ ನಿಲ್ಲಬೇಕು. ದೇಹವೇ ತರಂಗಕ್ಕೆ ಅಡ್ಡ ಬಂದಿದೆ ಎಂದರ್ಥ. ‘ನರಿ’ ಇರುವುದು ಬೆನ್ನ ಹಿಂದೆ.

ಮೂರನೆಯದು ಪರೀಕ್ಷೆ. ಹನ್ನೆರಡು ವರ್ಷ ತುಂಬಿದವರು ಬರೆಯಬಹುದು. ವಿದ್ಯಾರ್ಹತೆಯ ಕಟ್ಟಳೆ ಇಲ್ಲ. ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗ ಇದನ್ನು ನಡೆಸುತ್ತದೆ. ಅರ್ಜಿ ‘ಸರಳ ಸಂಚಾರ್’ ಪೋರ್ಟಲ್‌ನಲ್ಲಿ. ದರ್ಜೆ ಎರಡು: ರಿಸ್ಟ್ರಿಕ್ಟೆಡ್ ಮತ್ತು ಜನರಲ್. ಪ್ರಶ್ನೆಗಳು ರೇಡಿಯೋ ತತ್ತ್ವ ಮತ್ತು ನಿಯಮಾವಳಿ ಎಂಬ ಎರಡು ಭಾಗಗಳಲ್ಲಿರುತ್ತವೆ. ಓಮ್ಸ್ ನಿಯಮ, ತರಂಗಾಂತರದ ಲೆಕ್ಕ, ಡಯೋಡು, ಟ್ರಾನ್ಸಿಸ್ಟರ್ ಇಷ್ಟರಲ್ಲಿ ಹೈಸ್ಕೂಲ್ ಭೌತಶಾಸ್ತ್ರ ನೆನಪಿದ್ದವರಿಗೆ ಭಯವಿಲ್ಲ. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತ ಬೇಕಿಲ್ಲ. ಜನರಲ್‌ಗೆ ನಿಮಿಷಕ್ಕೆ ಎಂಟು ಪದಗಳ ವೇಗದಲ್ಲಿ ಮೋರ್ಸ್ ಕಳಿಸಲೂ ಬರಬೇಕು, ಹಿಡಿಯಲೂ ಬರಬೇಕು. ಮೋರ್ಸನ್ನು ಚುಕ್ಕೆ-ಗೆರೆಗಳಾಗಿ ಬಾಯಿಪಾಠ ಮಾಡಿದವರು ಪರದಾಡುತ್ತಾರೆ. ಅದನ್ನು ತಾಳದಂತೆ ಕಿವಿಯಿಂದಲೇ ಕಲಿಯಬೇಕು.

ಪಾಸಾದ ಮೇಲೆ ಪರವಾನಗಿಗೆ ಬೇರೆ ಅರ್ಜಿ. ಇಪ್ಪತ್ತು ವರ್ಷದ ಪರವಾನಗಿಗೆ ಸಾವಿರ ರೂಪಾಯಿ, ಜೀವನಪೂರ್ತಿಗೆ ಎರಡು ಸಾವಿರ ಎಂಬ ಶುಲ್ಕ ಜಾರಿಗೆ ಬಂದಿದೆ. ಹಣ ಕಟ್ಟುವ ಮುನ್ನ ಪೋರ್ಟಲ್‌ನಲ್ಲಿ ಒಮ್ಮೆ ನೋಡಿಕೊಳ್ಳುವುದು ಕ್ಷೇಮ. ಪರವಾನಗಿ ಕೈಸೇರಲು ತಿಂಗಳುಗಳೇ ಹಿಡಿಯಬಹುದು. ಅದರೊಂದಿಗೆ ಕರೆಸಂಕೇತವೂ ಬರುತ್ತದೆ: ಜನರಲ್‌ಗೆ ವಿಯು2, ರಿಸ್ಟ್ರಿಕ್ಟೆಡ್‌ಗೆ ವಿಯು3 ಎಂದು ಆರಂಭವಾಗುವ ಈ ಹೆಸರು ಜಗತ್ತಿನಲ್ಲಿ ಇನ್ನೊಬ್ಬರಿಗೆ ಇರುವುದಿಲ್ಲ.

ಕಾಯುವ ಆ ತಿಂಗಳುಗಳನ್ನು ಆಂಟೆನಾ ಕಟ್ಟಲು ಬಳಸಿಕೊಳ್ಳಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಎಸ್‌ಓ-239 ಸಾಕೆಟ್, ಒಂದಷ್ಟು ದಪ್ಪ ತಾಮ್ರದ ತಂತಿ ಕೊಂಡರೆ 145 ಮೆಗಾಹರ್ಟ್ಸ್‌ನ ಆಂಟೆನಾಗೆ ಸಾಮಗ್ರಿ ಮುಗಿಯಿತು. 75ನ್ನು 145ರಿಂದ ಭಾಗಿಸಿದರೆ ಕಾಲು ತರಂಗದ ಉದ್ದ ಸುಮಾರು 52 ಸೆಂಟಿಮೀಟರ್. ಲೋಹದಲ್ಲಿ ಅದು ತುಸು ಕಡಿಮೆಯಾಗುವುದರಿಂದ 49 ಸೆಂಟಿಮೀಟರ್ ಸಾಕು. ಮೊದಲು 51ಕ್ಕೆ ಕತ್ತರಿಸಿ, ಆಮೇಲೆ ಮೀಟರ್ ನೋಡುತ್ತ ಸ್ವಲ್ಪ ಸ್ವಲ್ಪವೇ ಮೊಟಕು ಮಾಡಬೇಕು. ಕತ್ತರಿಸಿದ ತಂತಿಯನ್ನು ಉದ್ದ ಮಾಡಲಾಗದು. ಸಾಕೆಟ್ಟಿನ ನಡುವಿನ ಪಿನ್ನಿಗೆ ಒಂದು ತಂತಿ ನೆಟ್ಟಗೆ ಬೆಸುಗೆ ಹಾಕಿ, ನಾಲ್ಕು ಮೂಲೆಯ ತೂತುಗಳಿಗೆ ನಾಲ್ಕು ತಂತಿ ಬಿಗಿದು 45 ಡಿಗ್ರಿ ಕೆಳಕ್ಕೆ ಬಾಗಿಸಿದರೆ ಆಂಟೆನಾ ಸಿದ್ಧ. 7 ಮೆಗಾಹರ್ಟ್ಸ್‌ನ ಡೈಪೋಲ್‌ಗಾದರೆ ಎರಡು ಕಡೆಗೂ ತಲಾ ಹತ್ತು ಮೀಟರ್ ತಂತಿ ಬೇಕು. ವಿದ್ಯುತ್ ತಂತಿಗಳಿಂದ ಬಹುದೂರ ಕಟ್ಟಬೇಕು. ಮಾವಿನ ಮಳೆಯ ಗುಡುಗು ಕೇಳುವ ಮೊದಲೇ ಕೇಬಲನ್ನು ಸೆಟ್ಟಿನಿಂದ ಬಿಚ್ಚಿಡಬೇಕು. ಇದರಲ್ಲಿ ಉದಾಸೀನ ಸಲ್ಲದು.

ಇಷ್ಟೆಲ್ಲ ಶ್ರಮ ಏಕೆ ಎಂದು ಕೇಳುವವರಿಗೆ 2004ರ ಡಿಸೆಂಬರ್ ಉತ್ತರ ಕೊಡುತ್ತದೆ. ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಹವ್ಯಾಸದ ಸಂಪರ್ಕಗಳಿಗೆಂದೇ ಅಂಡಮಾನಿಗೆ ಹೋಗಿತ್ತು. 26ರ ಬೆಳಿಗ್ಗೆ ಸುನಾಮಿ ಬಡಿದು ದೂರವಾಣಿ ಕಡಿದುಬಿದ್ದಾಗ, ಆಟಕ್ಕೆಂದು ಒಯ್ದ ಸೆಟ್ಟುಗಳೇ ದ್ವೀಪದವರ ಕ್ಷೇಮಸಮಾಚಾರವನ್ನು ಹೊರಗೆ ಮುಟ್ಟಿಸಿದವು. 2001ರ ಭುಜ್ ಭೂಕಂಪದಲ್ಲೂ ಹ್ಯಾಮ್‌ಗಳು ಬ್ಯಾಟರಿ ಹೊತ್ತು ಧಾವಿಸಿದ್ದರು. ಕಷ್ಟಕಾಲದಲ್ಲಿ ಕೆಲಸಕ್ಕೆ ಬರುವುದು ಎಂದಿನ ಅಭ್ಯಾಸ. ಆದ್ದರಿಂದಲೇ ಕ್ಲಬ್ಬಿನವರು ಗೊತ್ತಾದ ಹೊತ್ತಿಗೆ ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರುತ್ತಾರೆ. ಇದಕ್ಕೆ ‘ನೆಟ್’ ಎನ್ನುತ್ತಾರೆ. ಒಬ್ಬರು ಹಾಜರಿ ಕರೆಯುತ್ತಾರೆ, ಉಳಿದವರು ಸರದಿಯಂತೆ ಉತ್ತರಿಸುತ್ತಾರೆ. ಹೊಸಬರು ಮೊದಲು ಮಾತಾಡಬೇಕಾದ ಜಾಗವೂ ಇದೇ.

ಮೊದಲ ಸಲ ಬಟನ್ ಒತ್ತುವಾಗ ಗಂಟಲು ಒಣಗುವುದು ಸಹಜ. ಒತ್ತಿ ಒಂದು ಕ್ಷಣ ತಡೆದು, ಎದುರಿನವರ ಕರೆಸಂಕೇತ ಮೊದಲು, ನಿಮ್ಮದು ಆಮೇಲೆ ಹೇಳಿ. ಹೆಸರು, ಊರು, ಧ್ವನಿ ಹೇಗೆ ಕೇಳಿಸುತ್ತಿದೆ ಎಂಬುದು; ಅಷ್ಟು ಸಾಕು. ವ್ಯಾಪಾರದ ಮಾತು, ಹಾಡು ಬೇಡ, ನಿಯಮ ಒಪ್ಪುವುದಿಲ್ಲ. ಮುಗಿದ ಕೂಡಲೇ ಲಾಗ್‌ಬುಕ್‌ನಲ್ಲಿ ಬರೆದಿಡಿ. ಜಗತ್ತಿನ ಹ್ಯಾಮ್‌ಗಳೆಲ್ಲ ಬಳಸುವುದು ಒಂದೇ ಗಡಿಯಾರವಾದ್ದರಿಂದ ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆಯಿರಿ: ಇಲ್ಲಿ ಸಂಜೆ ಏಳಾಗಿದ್ದರೆ ಪುಸ್ತಕದಲ್ಲಿ 13.30.