ದೇವರನ್ನು ಘನಪಡಿಸುವುದು: ಒಬ್ಬೊಬ್ಬರಾಗಿಯೂ ಸಭೆಯಾಗಿಯೂ



ದೇವರನ್ನು ಘನಪಡಿಸಬೇಕೆಂಬ ಮಾತನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ಸರ್ವಸಂಪೂರ್ಣನಾದ ದೇವರಿಗೆ ಮನುಷ್ಯರಾದ ನಾವು ಯಾವ ಘನತೆಯನ್ನು ಕೂಡಿಸಬಲ್ಲೆವು? ಈ ಪ್ರಶ್ನೆಯನ್ನು ಸ್ವಲ್ಪ ವಿಚಾರಿಸೋಣ.

ಮಾತಿನ ಅರ್ಥ

ಹಳೆಯ ಒಡಂಬಡಿಕೆಯಲ್ಲಿ ಮಹಿಮೆಯೆಂಬುದಕ್ಕೆ ಬರುವ ಇಬ್ರಿಯ ಶಬ್ದವು ‘ಕಾವೋದ್’. ಅದರ ಧಾತುವಿಗೆ ಭಾರವಾಗಿರುವುದು ಎಂದು ಅರ್ಥ. ಕನ್ನಡದ ‘ಘನ’ವೆಂಬ ಶಬ್ದವೂ ಹಾಗೆಯೇ, ಗಟ್ಟಿಯಾದುದು, ಭಾರವಾದುದು ಎಂತಲೂ ಮಾನ್ಯವಾದುದು ಎಂತಲೂ ಎರಡರ್ಥಗಳನ್ನು ಕೊಡುತ್ತದೆ. ಹಿರಿಯರೊಬ್ಬರ ಮಾತಿಗೆ ತೂಕವಿದೆಯೆಂದು ನಾವು ಹೇಳುವುದು ಯಾವಾಗ? ಆ ಮಾತನ್ನು ಕೇಳಿ ನಮ್ಮ ನಡತೆಯನ್ನು ತಿದ್ದಿಕೊಂಡಾಗಲ್ಲವೇ? ಆದಕಾರಣ ದೇವರನ್ನು ಘನಪಡಿಸುವುದೆಂದರೆ ಆತನಿಗೆ ಇಲ್ಲದ ತೂಕವನ್ನು ನಾವು ಕೊಡುವುದಲ್ಲ. ಆತನಿಗೆ ಇರುವ ತೂಕವನ್ನು ನಮ್ಮ ತೀರ್ಮಾನಗಳಲ್ಲಿ ಒಪ್ಪಿಕೊಳ್ಳುವುದೇ.

1. ಒಬ್ಬೊಬ್ಬರಾಗಿ

ಕೊರಿಂಥ ಪಟ್ಟಣದಲ್ಲಿ ವಿಗ್ರಹಗಳಿಗೆ ಅರ್ಪಿಸಿದ ಮಾಂಸವನ್ನು ತಿನ್ನಬಹುದೋ ಬಾರದೋ ಎಂಬ ವಿವಾದವು ಎದ್ದಿತ್ತು. ಅದನ್ನು ತೀರಿಸುತ್ತ ಅಪೊಸ್ತಲನಾದ ಪೌಲನು ತಿನ್ನುವುದನ್ನೂ ಕುಡಿಯುವುದನ್ನೂ ಸಹ ದೇವರ ಮಹಿಮೆಗಾಗಿಯೇ ಮಾಡಬೇಕೆಂದು ಬೋಧಿಸಿದನು. ಅವನು ಎತ್ತಿಕೊಂಡ ಉದಾಹರಣೆಯು ದೇವಾಲಯದ್ದಲ್ಲ, ಊಟದ ಎಲೆಯದು ಎಂಬುದನ್ನು ಗಮನಿಸಿರಿ. ಯಾರೂ ಪರೀಕ್ಷಿಸದ ಲೆಕ್ಕವನ್ನು ಸತ್ಯವಾಗಿ ಬರೆಯುವವಳೂ, ನಡುರಾತ್ರಿಯಲ್ಲಿ ಬಡರೋಗಿಯ ಕರೆಗೆ ಬೇಸರಿಸದೆ ಏಳುವ ದಾದಿಯೂ, ಸೊಸೆಯನ್ನು ಮಗಳಂತೆ ಮಾತನಾಡಿಸುವ ಅತ್ತೆಯೂ ದೇವರನ್ನು ಘನಪಡಿಸುವವರೇ. ಯೇಸು ಸ್ವಾಮಿಯು ಪರ್ವತ ಪ್ರಸಂಗದಲ್ಲಿ ಕಲಿಸಿದಂತೆ, ಸತ್ಕ್ರಿಯೆಯನ್ನು ಕಂಡವರ ಹೊಗಳಿಕೆಯು ಪರಲೋಕದ ತಂದೆಗೆ ಸಲ್ಲಬೇಕೇ ಹೊರತು ಮಾಡಿದವಳಿಗಲ್ಲ.

ಪಂಡಿತಾ ರಮಾಬಾಯಿಯವರು 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ಸ್ತ್ರೀಯರಿಗೆ ಸಂಸ್ಕೃತವು ನಿಷಿದ್ಧವೆನಿಸಿದ್ದ ಕಾಲದಲ್ಲಿ ತಾಯಿತಂದೆಗಳಿಂದ ಅದನ್ನು ಕಲಿತು ಕಲ್ಕತ್ತೆಯ ವಿದ್ವಾಂಸರ ಮನ್ನಣೆಯನ್ನು ಪಡೆದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. ಆ ವಿದ್ಯೆಯಿಂದ ಸ್ವಂತ ಕೀರ್ತಿಯನ್ನು ಬೆಳೆಸಿಕೊಳ್ಳುವುದು ಅವರಿಗೆ ಕಷ್ಟವಾಗಿರಲಿಲ್ಲ. ಆದರೆ ಅವರು 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. 1896–97ರ ಕ್ಷಾಮದಲ್ಲಿ ಮಧ್ಯಪ್ರಾಂತದ ಅನಾಥ ಬಾಲಿಕೆಯರನ್ನು ಕರೆತಂದು ಕೇಡಗಾಂವಿಯಲ್ಲಿ ಆಶ್ರಯ ಕೊಟ್ಟರು. ಸಾಮಾನ್ಯ ಸ್ತ್ರೀಯರಿಗೂ ತಿಳಿಯುವಂತೆ ಅವರು ಮರಾಠಿಗೆ ಭಾಷಾಂತರಿಸಿದ ಸತ್ಯವೇದಕ್ಕೆ ಅಚ್ಚಿನ ಮೊಳೆಗಳನ್ನು ಜೋಡಿಸಿದವರು ಆ ಆಶ್ರಯದ ಸ್ತ್ರೀಯರೇ. ರಮಾಬಾಯಿಯವರು 1922ರಲ್ಲಿ ತೀರಿಕೊಂಡರು. ಒಬ್ಬಳು ಆರಂಭಿಸಿದ ಕೆಲಸವು ಅನೇಕರ ಕೈಗಳಿಂದ ಪೂರ್ಣವಾಯಿತು.

2. ಸಭೆಯಾಗಿ

ಹಾಗಾದರೆ ಮನೆಯಲ್ಲಿ ಭಕ್ತಿಯಿಂದ ಬಾಳಿದರೆ ಸಾಲದೇ, ಸಭೆ ಏಕೆ ಬೇಕು ಎಂದು ಕೆಲವರು ಕೇಳುತ್ತಾರೆ. ಒಬ್ಬಳೇ ಸತ್ಯವಂತೆಯಾಗಿರಬಹುದು, ದಯಾಪರಳಾಗಿರಬಹುದು. ಆದರೆ ಅಗಲಿದವರು ಕ್ರಿಸ್ತನಲ್ಲಿ ಒಂದಾದರೆಂಬುದನ್ನು ಒಬ್ಬಳೇ ತೋರಿಸಲಾರಳು. ರೋಮಾಪುರದಲ್ಲಿ ಆಹಾರದ ವಿಷಯವಾಗಿಯೂ ದಿನಗಳ ವಿಷಯವಾಗಿಯೂ ಒಬ್ಬರನ್ನೊಬ್ಬರು ಹೀನೈಸುತ್ತಿದ್ದ ವಿಶ್ವಾಸಿಗಳು ಏಕಮನಸ್ಸಿನಿಂದಲೂ ಒಂದೇ ಬಾಯಿಂದಲೂ ದೇವರನ್ನು ಕೊಂಡಾಡಬೇಕೆಂಬುದೇ ಪೌಲನ ಪ್ರಾರ್ಥನೆಯಾಗಿತ್ತು. ಕೊರಿಂಥದಲ್ಲಿಯಾದರೋ, ಉಳ್ಳವರು ಮೊದಲೇ ಉಂಡು ತೃಪ್ತರಾಗುತ್ತಿದ್ದರು, ಬಡವರು ಹಸಿದಿರುತ್ತಿದ್ದರು. ಅದು ಕರ್ತನ ಭೋಜನವೇ ಅಲ್ಲವೆಂದು ಅವನು ಖಂಡಿತವಾಗಿ ಬರೆದನು.

ನಮ್ಮ ದೇಶದ ಸಭೆಗೂ ಇದೇ ಪರೀಕ್ಷೆ ಬಂದಿತು. 1833ರಲ್ಲಿ ಕಲ್ಕತ್ತೆಯ ಬಿಷಪ್ ದಾನಿಯೇಲ್ ವಿಲ್ಸನರು ದಕ್ಷಿಣದ ಸಭೆಗಳಲ್ಲಿ ಜಾತಿಭೇದವನ್ನು ತೊರೆಯಬೇಕೆಂದು ಪತ್ರ ಬರೆದಾಗ, ಅದನ್ನು ಒಪ್ಪದೆ ಅನೇಕರು ಸಭೆಯನ್ನೇ ಬಿಟ್ಟು ಹೋದರು. 1947ನೆಯ ಇಸವಿ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಸಭೆಗಳವರು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯಾಗಿ ಒಂದುಗೂಡಿದರು. ಇದು ಸ್ತುತಿಗೆ ಕಾರಣವೇ ಸರಿ. ಆದರೂ ಒಂದೇ ಪಾತ್ರೆಯಲ್ಲಿ ಪಾಲು ಹೊಂದಿದ ಕುಟುಂಬಗಳು ಮಕ್ಕಳ ಮದುವೆಯ ಮಾತು ಬಂದಾಗ ಪೂರ್ವದ ಜಾತಿಯನ್ನು ವಿಚಾರಿಸುವುದೂ, ವರದಕ್ಷಿಣೆಯನ್ನು ನಿಷ್ಕರ್ಷಿಸುವುದೂ ಇನ್ನೂ ನಿಂತಿಲ್ಲ. ತಾಯಿತಂದೆಗಳೇ, ಆ ಹೊತ್ತಿನಲ್ಲಿ ಯಾರ ಮಾತಿಗೆ ತೂಕ ಹೆಚ್ಚು? ಬಂಧುಗಳದಕ್ಕೋ, ಕರ್ತನದಕ್ಕೋ?

3. ಇವೆರಡರ ಸಂಬಂಧ

ಕಾಣಿಕೆಯನ್ನು ತಂದವನಿಗೆ ಸಹೋದರನ ಮನಸ್ತಾಪವು ನೆನಪಾದರೆ, ಅದನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಮೊದಲು ಸಮಾಧಾನವಾಗಬೇಕೆಂದು ಸ್ವಾಮಿಯು ಆಜ್ಞಾಪಿಸಿದನು. ದೇವಾಲಯದಿಂದ ನೆರೆಯವರ ಮನೆಗೂ ಅಲ್ಲಿಂದ ತಿರುಗಿ ದೇವಾಲಯಕ್ಕೂ ಇರುವ ಆ ದಾರಿಯಲ್ಲಿಯೇ ಒಬ್ಬೊಬ್ಬರ ಭಕ್ತಿಯೂ ಸಭೆಯ ಆರಾಧನೆಯೂ ಒಂದಾಗುತ್ತವೆ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

ಅ. ಈ ವಾರ ನಾನು ಮಾಡಿದ ಯಾವ ತೀರ್ಮಾನದಲ್ಲಿ ದೇವರ ವಾಕ್ಯಕ್ಕೆ ತೂಕವಿತ್ತು?

ಆ. ನಮ್ಮ ಸಭೆಯಲ್ಲಿ ನಾನು ಇದುವರೆಗೆ ಮಾತನಾಡಿಸದವರು ಯಾರು?

ಇ. ಆರಾಧನೆಗೆ ಹೋಗುವ ಮೊದಲು ನಾನು ಯಾರ ಮನೆಗೆ ಹೋಗಬೇಕಾಗಿದೆ?

ಈ ಶಾಲೆಯಲ್ಲಿ ನೀವು ಕಲಿತ ವಿದ್ಯೆಯು ಎಲ್ಲಿದ್ದರೂ ದೇವರ ಘನಕ್ಕಾಗಿ ಸಲ್ಲಲಿ. ಆತನ ಕೃಪೆಯು ನಿಮ್ಮೆಲ್ಲರೊಂದಿಗಿರಲಿ.